ಹಾಡಿನ ಪಕ್ಕದಲ್ಲಿ ಬೈಬಲ್ ವಚನ ಇಟ್ಟು ಓದಿದ್ದು: ನನ್ನ ಅನುಭವ

ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಮೂರು ವರ್ಷದ ಹಿಂದೆ ಶನಿವಾರದ ಯೌವನಸ್ಥರ ಕೂಟಕ್ಕೆ ಬರುತ್ತಿದ್ದವರು ಏಳೆಂಟು ಜನ. ಈಗ ಮೂವತ್ತರ ಹತ್ತಿರ ಬರುತ್ತಾರೆ. ನಡುವೆ ನಾನು ಮಾಡಿದ್ದು ಒಂದೇ ಕೆಲಸ. ಅವರು ಮೊಬೈಲಿನಲ್ಲಿ ಕೇಳುವ ಹಾಡುಗಳನ್ನೇ ಕೂಟಕ್ಕೆ ತಂದು, ಪಕ್ಕದಲ್ಲಿ ಸತ್ಯವೇದ, ಅಂದರೆ ಬೈಬಲ್, ತೆರೆದಿಟ್ಟೆ. 'ಲೋಕದ ಹಾಡನ್ನು ದೇವಾಲಯದೊಳಗೆ ತರಬೇಡಪ್ಪಾ' ಎಂದ ಹಿರಿಯರಿದ್ದರು. 'ಹಾಡು ಮುಗಿದ ಕೂಡಲೇ ಎದ್ದು ಹೋಗುತ್ತಾರೆ, ವಚನಕ್ಕೆ ಯಾರೂ ಕೂರುವುದಿಲ್ಲ' ಎಂದ ಗೆಳೆಯರೂ ಇದ್ದರು. ಕೂತರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಮಾತ್ರ ಪೂರ್ತಿ ಹಾಳಾಯಿತು. ಕನ್ನಡ ಸಿನಿಮಾದ ಒಂದು ಪ್ರೇಮಗೀತೆಯನ್ನು ಹಿಡಿದುಕೊಂಡು, ಇಲ್ಲಿ ನಲ್ಲ ಎಂದರೆ ಕ್ರಿಸ್ತ, ನಲ್ಲೆ ಎಂದರೆ ಸಭೆ, ಸತ್ಯವೇದದ ಪ್ರೇಮಕಾವ್ಯವಾದ ಪರಮಗೀತದಲ್ಲಿಯೂ ಹೀಗೇ ಇದೆ ಎಂದು ಮುಕ್ಕಾಲು ಗಂಟೆ ಮಾತನಾಡಿದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಕೈ ಎತ್ತಿ, 'ಅಣ್ಣಾ, ಹಾಗಾದರೆ ಎರಡನೆಯ ಚರಣದಲ್ಲಿ ಬರುವ ಸೀರೆಯ ಸೆರಗಿಗೆ ಏನು ಅರ್ಥ?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ನಾಲ್ಕೇ ಜನ ಬಂದರು. ಇನ್ನೊಂದು ಸಲ ಅಂತರಜಾಲದಿಂದ ಇಳಿಸಿಕೊಂಡ ಸಾಹಿತ್ಯದಲ್ಲಿದ್ದ ಒಂದು ಪದದ ಮೇಲೆಯೇ ಇಡೀ ಸಂದೇಶ ಕಟ್ಟಿದ್ದೆ. ಹಾಡು ಹಾಕಿದಾಗ ಆ ಪದವೇ ಅದರಲ್ಲಿ ಇರಲಿಲ್ಲ, ಯಾರೋ ತಪ್ಪಾಗಿ ಕೇಳಿ ಬರೆದಿದ್ದರು. ಅಂದಿನಿಂದ ಹಾಡನ್ನು ಕಿವಿಯಲ್ಲಿ ಮೂರು ಸಲ ಕೇಳದೆ ಕಾಗದ ಮುಟ್ಟುವುದಿಲ್ಲ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸ್ಪೀಕರಿಗೆ ನಾಲ್ಕೂವರೆ ಸಾವಿರ ಕೊಟ್ಟ ನೆನಪು. ಪ್ರೊಜೆಕ್ಟರ್ ಬಾಡಿಗೆ ಒಂದು ಸಂಜೆಗೆ ಆರುನೂರು. ಐದು ವಾರ ತಂದು ನಿಲ್ಲಿಸಿದೆ, ಏಕೆಂದರೆ ಪರದೆ ಇದ್ದರೆ ಹುಡುಗರು ಚಿತ್ರ ನೋಡುತ್ತಾರೆ, ಪದ ನೋಡುವುದಿಲ್ಲ. ಜೆರಾಕ್ಸಿಗೆ ಹಾಳೆಗೆ ಎರಡು ರೂಪಾಯಿಯಂತೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಬೇರೆ. ಮೊದಲ ವರ್ಷ ಸಭೆಯ ಖಾತೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್ ಆಗಿ ದುಡಿಯುವ ನನ್ನ ಕೈಯಿಂದ ಹದಿನಾಲ್ಕು ಸಾವಿರದಷ್ಟು ಹೋಯಿತು.

ಕೆಲಸ ದಾರಿಗೆ ಬಂದದ್ದು ಲಿಯೊನಾರ್ಡ್ ಕೋಹೆನ್ 1984ರಲ್ಲಿ ಹೊರತಂದ 'ಹಲ್ಲೆಲೂಯ' ಹಾಡಿನಿಂದ. ಟಿವಿಯ ಗಾಯನ ಸ್ಪರ್ಧೆಗಳಲ್ಲಿ ಪದೇ ಪದೇ ಹಾಡುವ ಹಾಡು, ನಮ್ಮ ಹುಡುಗರಿಗೂ ಗೊತ್ತಿತ್ತು. ಅದರಲ್ಲಿ ದಾವೀದನಿದ್ದಾನೆ, ಸ್ನಾನ ಮಾಡುವ ಹೆಂಗಸಿದ್ದಾಳೆ, ಕೂದಲು ಕತ್ತರಿಸುವ ಮಾತಿದೆ. ಇಷ್ಟನ್ನು ಗುರುತಿಸಿ 'ನೋಡಿ, ಸತ್ಯವೇದ ಇದೆ' ಎಂದು ಮುಗಿಸುವುದು ನನ್ನ ಹಳೆಯ ಪದ್ಧತಿ. ಅಂದು ಮಾತ್ರ ಹಾಡಿನ ಚರಣವನ್ನು ಹಾಳೆಯ ಎಡಕ್ಕೂ ದಾವೀದ ರಾಜ ಸ್ನಾನ ಮಾಡುತ್ತಿದ್ದ ಪರರ ಹೆಂಡತಿಯನ್ನು ಕಂಡು ಕರೆಸಿಕೊಂಡ ಕಥೆಯಿರುವ ಎರಡನೆಯ ಸಮುವೇಲನ 11ನೆಯ ಅಧ್ಯಾಯವನ್ನು ಬಲಕ್ಕೂ ಇಟ್ಟು, ಏನು ಬೇರೆಯಾಗಿದೆ ಹುಡುಕಿ ಎಂದೆ.

ಹತ್ತು ನಿಮಿಷ ಯಾರೂ ಮಾತನಾಡಲಿಲ್ಲ. ಆಮೇಲೆ ಮೋಕಾ ಕಡೆಯ ಹುಡುಗನೊಬ್ಬ ಎದ್ದ. ಐಟಿಐ ಓದುವವನು, ಅಲ್ಲಿಯತನಕ ಬಾಯಿ ಬಿಟ್ಟವನಲ್ಲ. 'ಅಣ್ಣಾ, ಹಾಡು ಕೇಳಿದರೆ ಆಕೆ ಮಾಳಿಗೆಯ ಮೇಲೆ ಸ್ನಾನ ಮಾಡುತ್ತಿದ್ದಳು ಅನ್ನಿಸುತ್ತದೆ. ಇಲ್ಲಿ ಮಾಳಿಗೆಯ ಮೇಲೆ ಇದ್ದವನು ರಾಜ' ಎಂದ. ನಾನು ಆ ವಚನವನ್ನು ಅದೆಷ್ಟು ಸಲ ಓದಿದ್ದೆನೋ. ನಿಜ, ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದವನು ದಾವೀದ. ಹುಡುಗ ನಿಲ್ಲಿಸಲಿಲ್ಲ. 'ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೇಸಿಗೆಯಲ್ಲಿ ಮೇಲೆ ಮಲಗುತ್ತೇವೆ. ಮಾಳಿಗೆಯ ಮೇಲೆ ಯಾರೂ ಸ್ನಾನ ಮಾಡುವುದಿಲ್ಲ. ಆದರೆ ಮೇಲೆ ನಿಂತವನಿಗೆ ಪಕ್ಕದ ಮನೆಯ ಬಚ್ಚಲು ಕಾಣುತ್ತದೆ. ಕಂಡರೆ ಮುಖ ತಿರುಗಿಸಬೇಕು ಎಂದು ಅಜ್ಜಿ ಹೇಳಿಕೊಟ್ಟಿದ್ದಾಳೆ.'

ಕೂಟದಲ್ಲಿ ಅಂದು ಎದ್ದ ಮಾತು ರಾತ್ರಿ ಒಂಬತ್ತಾದರೂ ನಿಲ್ಲಲಿಲ್ಲ. ತಪ್ಪು ಯಾರದು? ಹಾಡು ಆಕೆಯನ್ನು ಮಾಳಿಗೆಗೆ ಹತ್ತಿಸಿದ ಕೂಡಲೇ ತಪ್ಪಿನಲ್ಲಿ ಅರ್ಧ ಪಾಲು ಆಕೆಯ ತಲೆಗೆ ಬರುತ್ತದೆ. ಸತ್ಯವೇದ ಹಾಗೆ ಮಾಡುವುದಿಲ್ಲ. 12ನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನನು ಬೆರಳು ತೋರಿಸುವುದು ದಾವೀದನೊಬ್ಬನ ಕಡೆಗೆ. ಹುಡುಗಿಯರು ಆ ದಿನ ಮಾತನಾಡಿದಷ್ಟು ಹಿಂದೆಂದೂ ಮಾತನಾಡಿರಲಿಲ್ಲ. ಕೂದಲಿನ ಮಾತು ದಾವೀದನದಲ್ಲ, ನ್ಯಾಯಸ್ಥಾಪಕರು 16ರಲ್ಲಿ ಕೂದಲು ಹೋಗಿ ಬಲ ಕಳೆದುಕೊಂಡ ಸಂಸೋನನದು. ಹಾಡು ಇಬ್ಬರನ್ನೂ ಒಬ್ಬನೇ ಮಾಡಿ ಹೊಲಿದಿದೆ. ಹೊಲಿಗೆ ಎಲ್ಲಿದೆ ಎಂದು ಹುಡುಕುವುದು ನನಗೆ ಕಸುಬಿನಿಂದ ಬಂದದ್ದು.

ನನಗೆ ಸಿಕ್ಕ ದಾರಿ ಇಷ್ಟೇ: ಹಾಡು ವಚನವನ್ನು ಎಲ್ಲಿ ಹೋಲುತ್ತದೆ ಎಂಬುದನ್ನು ಬಿಟ್ಟು, ಎಲ್ಲಿ ಬಿಟ್ಟುಹೋಗಿದೆ, ಏನು ಸೇರಿಸಿದೆ ಎಂದು ಕೇಳುವುದು. ಅಮೆರಿಕದ ಪೀಟ್ ಸೀಗರ್ ಸತ್ಯವೇದದ ಪ್ರಸಂಗಿ ಎಂಬ ಪುಸ್ತಕದ 3ನೆಯ ಅಧ್ಯಾಯವನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಹಾಡಿಗೆ ಇಳಿಸಿದರು. 1965ರಲ್ಲಿ ಬರ್ಡ್ಸ್ ತಂಡ ಅದನ್ನು ಹಾಡಿ ಮನೆಮಾತು ಮಾಡಿತು. ಯುದ್ಧಕ್ಕೆ ಒಂದು ಕಾಲ, ಸಮಾಧಾನಕ್ಕೆ ಒಂದು ಕಾಲ ಎನ್ನುವುದು ಪ್ರಸಂಗಿಯ ಮಾತು. ಶಾಂತಿಗೆ ಇನ್ನೂ ಹೊತ್ತು ಮೀರಿಲ್ಲ ಎಂಬ ಆಣೆ ಮಾತ್ರ ಸೀಗರ್ ಅವರದು. ಯು2 ತಂಡದ 1983ರ '40' ಎಂಬ ಹಾಡು ಸತ್ಯವೇದದ 40ನೆಯ ಕೀರ್ತನೆಯಿಂದ ಹೊರಟು, 'ಇನ್ನೆಷ್ಟು ಕಾಲ' ಎಂಬ ಕೂಗನ್ನು 6ನೆಯ ಕೀರ್ತನೆಯಿಂದ ತರುತ್ತದೆ. ಇವೆರಡೂ ಒಂದೊಂದು ಸಂಜೆಗೆ ಸಾಕು.

ತುಂಬ ಕೊಟ್ಟದ್ದು 'ರಿವರ್ಸ್ ಆಫ್ ಬ್ಯಾಬಿಲಾನ್'. ಬೋನಿ ಎಂ ತಂಡ 1978ರಲ್ಲಿ ಹಾಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ಹಾಡಿದ್ದರು, ಅದರಲ್ಲಿ ಜಮೈಕಾದಲ್ಲೇ ಹುಟ್ಟಿದ ಅವರ ರಾಸ್ತಾಫರಿ ಪಂಥದ ಪದಗಳಿವೆ. ಬಾಬೆಲಿಗೆ, ಅಂದರೆ ಬ್ಯಾಬಿಲಾನಿಗೆ, ಸೆರೆ ಹೋದ ಯೆಹೂದ್ಯರ ಅಳಲಾದ 137ನೆಯ ಕೀರ್ತನೆಗೆ 19ನೆಯ ಕೀರ್ತನೆಯ ಕೊನೆಯ ವಚನವನ್ನು ಜೋಡಿಸಿದ ಹಾಡು ಇದು. ಕುಣಿಯುವ ತಾಳ ಇರುವುದರಿಂದ ಅಳುವ ಹಾಡು ಎಂದು ಯಾರಿಗೂ ತೋರುವುದಿಲ್ಲ. ಕೊಪ್ಪಳ ಕಡೆಯ ಒಬ್ಬ ಹುಡುಗ ನಮ್ಮಲ್ಲಿ ಟೈಲರ್. ತಂದೆತಾಯಿ ಬೆಂಗಳೂರಿಗೆ ಗುಳೆ ಹೋದವರು. ಸೆರೆ ಒಯ್ದವರು ನಿಮ್ಮ ಊರಿನ ಹಾಡು ಹಾಡಿ ಎಂದು ಕೇಳುವ ಮೂರನೆಯ ವಚನ ಓದಿ ಅವನು ತಡೆದು ನಿಂತ. ಕಟ್ಟಡದ ಶೆಡ್ಡಿನಲ್ಲಿ ರಾತ್ರಿ ಮೇಸ್ತ್ರಿ ಅವನ ಅಪ್ಪನಿಗೆ ಹೀಗೇ ಹೇಳುತ್ತಿದ್ದನಂತೆ, 'ನಿಮ್ಮ ಕಡೆಯ ಪದ ಒಂದು ಹಾಡು' ಎಂದು. ಅಪ್ಪ ಗಂಟಲು ಸರಿಯಿಲ್ಲ ಎನ್ನುತ್ತಿದ್ದನಂತೆ. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದ ಎರಡನೆಯ ವಚನವನ್ನು ಹಾಡು ಬಿಟ್ಟಿದೆ. ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಕೊನೆಯ ವಚನವನ್ನೂ ಬಿಟ್ಟಿದೆ. ನಾನು ಅದನ್ನೂ ಓದಿಸಿದೆ. 'ಇಷ್ಟು ಸಿಟ್ಟನ್ನು ದೇವರ ಮುಂದೆ ಹೇಳಬಹುದಾ ಅಣ್ಣಾ?' ಎಂದು ಅವನೇ ಕೇಳಿದ. ಹೇಳಿದ್ದಾರೆ, ಬರೆದೂ ಇಟ್ಟಿದ್ದಾರೆ ಎಂದೆ.

ಲೋಕದ ಹಾಡು ಬೇಡವೆಂದ ಹಿರಿಯರಿಗೆ ನಾನು ಕೊಟ್ಟ ಉತ್ತರ ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 17ನೆಯ ಅಧ್ಯಾಯ. ಅಥೇನೆಯಲ್ಲಿ (ಅಥೆನ್ಸ್) ಅಪೊಸ್ತಲ ಪೌಲನು ಅಲ್ಲಿಯ ಜನರ ಕವಿಗಳ ಮಾತನ್ನೇ ಎತ್ತಿ ಹೇಳಿ ಸುವಾರ್ತೆ ಸಾರಿದ. ಇನ್ನೊಂದು ಮಾತನ್ನೂ ಸೇರಿಸಿದೆ: ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನೆಲೆನಿಂತು ಸತ್ಯವೇದವನ್ನು ಕನ್ನಡಕ್ಕೆ ತರಲು ದುಡಿದದ್ದು ನಮ್ಮ ಬಳ್ಳಾರಿಯಲ್ಲೇ. ಜನರ ಬಾಯಲ್ಲಿರುವ ಪದ ಹುಡುಕುವುದು ಈ ಊರಿನ ಹಳೆಯ ಕೆಲಸ. ಬೇಡವೆಂದಿದ್ದ ಹಿರಿಯರು ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಈ ವರ್ಷ ಜೆರಾಕ್ಸಿನ ಖರ್ಚು ಸಭೆಯದು.

ಮೊದಲ ಪ್ರಶ್ನೆಯನ್ನು ಯಾವಾಗ, ಯಾರಿಗೆ ಕೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು, ಬೇಕಾದವರು ಬಂದು ಕೂಟದಲ್ಲಿ ಕೂತು ನೋಡಲಿ.

ಸದ್ಯ ಎರಡು ಪ್ರಯೋಗ ನಡೆದಿವೆ. ಒಂದು, ಗಡಿಯ ಊರಾದ್ದರಿಂದ ನಮ್ಮಲ್ಲಿ ಅರ್ಧ ಜನ ತೆಲುಗು ಕ್ರೈಸ್ತ ಗೀತೆಗಳನ್ನೇ ಗುನುಗುತ್ತಾರೆ. ಅವನ್ನೂ ಹೀಗೆಯೇ ವಚನದ ಪಕ್ಕದಲ್ಲಿಟ್ಟು ಓದಿಸುತ್ತಿದ್ದೇನೆ. ಭಕ್ತಿಗೀತೆಯೂ ವಚನದಲ್ಲಿ ಬಿಡುವುದಿದೆ, ಸೇರಿಸುವುದಿದೆ ಎಂದು ಕಂಡು ಕೆಲವರಿಗೆ ಕಸಿವಿಸಿಯಾಗಿದೆ. ಇನ್ನೊಂದು, ಕೋಲ್ಡ್‌ಪ್ಲೇ ತಂಡದ 2008ರ 'ವಿವಾ ಲಾ ವಿಡಾ'. ಪಟ್ಟ ಕಳೆದುಕೊಂಡ ಅರಸನ ಕೋಟೆ ಉಪ್ಪಿನ ಕಂಬ, ಮರಳಿನ ಕಂಬಗಳ ಮೇಲೆ ನಿಂತಿದೆ ಎನ್ನುತ್ತದೆ ಹಾಡು. ಮರಳು, ಮರಳಿನ ಮೇಲೆ ಮನೆ ಕಟ್ಟಿದವನ ಸಾಮ್ಯವಿರುವ ಮತ್ತಾಯ 7ರದು ಎಂದು ಎಲ್ಲರೂ ಹೇಳಿದರು. ಉಪ್ಪು ಆದಿಕಾಂಡದ ಲೋಟನ ಹೆಂಡತಿಯದು, ಆಕೆ ತಿರುಗಿ ನೋಡಿದ್ದಕ್ಕೆ ಉಪ್ಪಿನ ಕಂಬವಾದಳು. ಈ ಅರಸ ಇಡೀ ಹಾಡಿನಲ್ಲಿ ಮಾಡುವುದೂ ಹಿಂದಕ್ಕೆ ತಿರುಗಿ ನೋಡುವುದನ್ನೇ ಎಂದು ಕಳೆದ ಶನಿವಾರ ಗುರುತಿಸಿದವಳು, ಸೆರಗಿನ ಅರ್ಥ ಕೇಳಿದ್ದ ಅದೇ ಹುಡುಗಿ. ಈಗ ಬಿಎ ಓದುತ್ತಿದ್ದಾಳೆ. ಮುಂದಿನ ತಿಂಗಳ ಎರಡು ಕೂಟಗಳನ್ನು ಅವಳ ಕೈಗೆ ಕೊಟ್ಟಿದ್ದೇನೆ.