ಹಳೇ ಮನೆ ಬಿಚ್ಚುವವರಿಗೆ: ಜೆಸಿಬಿ ಕರೆಸೋ ಮುಂಚೆ ಓದಿ

ಕಾಫಿ ಕೊಯ್ಲು ಮುಗಿದು ಆಳು ಸಿಗೋ ಹೊತ್ತು, ಅಂದ್ರೆ ಮಾರ್ಚ್‌ನಿಂದ ಮೇ ಮಧ್ಯದೊಳಗೆ ಕೆಲಸ ಮುಗಿಸಿ. ನಮ್ಮ ಕೊಡಗಿನ ಜೂನ್ ಮಳೆಗೆ ಬಿಚ್ಚಿಟ್ಟ ಮರ ಸಿಕ್ಕಿದ್ರೆ ಕಥೆ ಮುಗೀತು.

ಮೊದಲು ಕರೆಂಟ್ ಪೂರ್ತಿ ಕಡಿತ. ಆಮೇಲೆ ಕಟ್ಟಿದ್ದಕ್ಕೆ ಉಲ್ಟಾ ಕ್ರಮ: ಮೂಲೆಹೆಂಚು, ಹೆಂಚು, ರೀಪು (ಹೆಂಚು ಕೂರೋ ಮರದ ಪಟ್ಟಿ), ಪಕಾಸಿ (ರೀಪು ಹೊರೋ ಇಳಿಜಾರು ಮರ), ಕೊನೆಗೆ ತೊಲೆ. ಹೆಂಚನ್ನು ಒಂದೇ ಕಡೆಯಿಂದ ಪೂರ್ತಿ ತೆಗೀಬೇಡಿ. ಎರಡೂ ಇಳಿಜಾರಿನಿಂದ ಸಮಸಮ ಇಳಿಸಿ, ಇಲ್ಲದಿದ್ರೆ ಭಾರ ಒಂದೇ ಪಕ್ಕಕ್ಕೆ ವಾಲುತ್ತೆ.

ಮಂಗಳೂರು ಹೆಂಚಿನ ಬೆನ್ನಿಗೆ ಕಾರ್ಖಾನೆ ಮುದ್ರೆ ಇರುತ್ತೆ, ನೋಡಿ. ಮುದ್ರೆವಾರು ಬೇರೆ ಬೇರೆ ಜೋಡಿಸಿ. ಒಂದರ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ, ಮಳೆಗಾಲದಲ್ಲಿ ಸೋರಿದಾಗ್ಲೇ ಗೊತ್ತಾಗೋದು. ನಾನು ಎಲ್ಲಾ ಕಲಸಿಟ್ಟು, ಕೊಟ್ಟಿಗೆ ಮಾಡಿಗೆ ಎರಡು ಸಲ ಹೊದಿಸಿದೆ! ಅಡ್ಡ ಪೇರಿಸದೆ ನಿಲ್ಲಿಸಿಡಿ, ಒಡೆಯೋದು ಕಮ್ಮಿ.

ಬಾಗಿಲು, ದಾರಂದ, ಕಂಬಗಳ ಸಂದಿಗೆ ಬಿಚ್ಚೋ ಮೊದಲೇ ಪೇಂಟಲ್ಲಿ ನಂಬರ್ ಬರೀರಿ, ನಾಲ್ಕು ಕಡೆಯಿಂದ ಫೋಟೋ ತೆಗೀರಿ. ಮರದ ಬೆಣೆಯನ್ನು ಸಣ್ಣ ತುದಿಯಿಂದ ಹೊಡೆದ್ರೆ ಸಲೀಸಾಗಿ ಹೊರಬರುತ್ತೆ. ಮೊಳೆ ತೆಗೀದೆ ಮಿಲ್ಲಿಗೆ ಒಯ್ದರೆ ಗರಗಸದವರು ಬೈತಾರೆ, ಸರಿಯಾಗೇ ಬೈತಾರೆ.

ಸುಣ್ಣದ ಗಾರೆಯ ಇಟ್ಟಿಗೆ ಕೈಗತ್ತಿಯಲ್ಲೇ ಶುಚಿಯಾಗುತ್ತೆ. ಸಿಮೆಂಟಿನದ್ದು ಇಟ್ಟಿಗೆ ಸಮೇತ ಒಡೆಯುತ್ತೆ, ಅದಕ್ಕೆ ಸಮಯ ಹಾಳು ಮಾಡ್ಬೇಡಿ, ತಳಪಾಯ ತುಂಬಿಸಲು ಸಾಕು. ಕಲ್ನಾರು (ಆಸ್ಬೆಸ್ಟಾಸ್) ಶೀಟ್ ಇದ್ರೆ ಒಡೀಬೇಡಿ, ನೀರು ಚಿಮುಕಿಸಿ ಇಡಿಯಾಗಿ ಇಳಿಸಿ, ಧೂಳು ಶ್ವಾಸಕೋಶಕ್ಕೆ ವಿಷ.

ಬೀಟೆ, ತೇಗ ಇದ್ದರೆ ಲಾರಿಗೆ ಹೇರೋ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಸಾಗಣೆ ಪರವಾನಗಿ ವಿಚಾರಿಸಿ. ಮರ ಹಳೇ ಮನೆಯದ್ದೇ ಅಂತ ತೋರಿಸೋಕೆ ಮನೆ ನಿಂತಿರುವಾಗಿನ ಫೋಟೋ ಜೊತೆಗಿರಲಿ.