ಹಳೇ ಸೂಟಿನ ವಯಸ್ಸು ಒಳಜೇಬಿನಲ್ಲಿದೆ

ಲಂಡನ್ನಿನ ಹಳೇ ಬಟ್ಟೆ ಅಂಗಡಿಯಲ್ಲೋ ಆನ್‌ಲೈನ್ ಹರಾಜಿನಲ್ಲೋ '1930ರ ಸೂಟು' ಅನ್ನೋ ಚೀಟಿ ಕಂಡರೆ ಸುಮ್ನೆ ನಂಬಬೇಡಿ. ಎರಡು ಮಹಾಯುದ್ಧಗಳ ನಡುವಿನ, ಅಂದರೆ 1918ರಿಂದ 1939ರವರೆಗಿನ ಬ್ರಿಟಿಷ್ ಸೂಟಿಗೆ ಒಳ್ಳೆ ಬೆಲೆ ಇದೆ. ಮಾರುವವರಿಗೆ ಇಸವಿಯನ್ನು ಒಂಚೂರು ಹಿಂದಕ್ಕೆ ತಳ್ಳುವ ಆಸೆ ಇರುತ್ತದೆ.

ಮೊದಲು ಕೋಟಿನ ಎದೆಯ ಒಳಜೇಬನ್ನು ಹೊರಕ್ಕೆ ಎಳೆದು ನೋಡಿ. ಲಂಡನ್ನಿನ ದರ್ಜಿಗಳ ಬೀದಿ ಸ್ಯಾವಿಲ್ ರೋನಂಥ ಕಡೆ ಅಳತೆ ಕೊಟ್ಟು ಹೊಲಿಸಿದ್ದಾದರೆ ಅಲ್ಲೊಂದು ಪುಟ್ಟ ಲೇಬಲ್ ಸಿಗಬಹುದು. ಅದರ ಮೇಲೆ ಶಾಯಿಯಲ್ಲಿ ಗಿರಾಕಿಯ ಹೆಸರು, ತಾರೀಕು, ಕೆಲವು ಸಲ ಆರ್ಡರ್ ನಂಬರು. ಶಾಯಿ ಮಾಸಿದ್ದರೆ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. '3/5/34' ಅಂತಿದ್ದರೆ ಅದು 1934ರ ಮೇ 3. ಬ್ರಿಟಿಷರೂ ನಮ್ಮ ಹಾಗೆ ದಿನವನ್ನೇ ಮೊದಲು ಬರೆಯುವುದು. ತಾರೀಕು ಓದಲು ಬಂತೋ, ಮುಕ್ಕಾಲು ಕೆಲಸ ಮುಗೀತು.

ಲೇಬಲ್ ಇಲ್ವಾ? ಹಾಗಾದರೆ ಬಾಯಿ ತೆರೆದ ಎರಡು 'ಸಿ' ಅಕ್ಷರ, ಜೊತೆಗೆ 41 ಇರುವ ಮುದ್ರೆ ಇದೆಯಾ ಹುಡುಕಿ. ಅದು 1941ರಿಂದ 1952ರವರೆಗಿನ ಸರ್ಕಾರಿ ಗುರುತು. ಇದ್ದರೆ ಸೂಟನ್ನು ವಾಪಸ್ ನೇತುಹಾಕಿ.

ಆಮೇಲೆ ಪ್ಯಾಂಟು. ಸೊಂಟ ಎತ್ತರಕ್ಕಿದ್ದು, ಹೆಗಲ ಪಟ್ಟಿ ಸಿಕ್ಕಿಸಲು ಗುಂಡಿಗಳಿದ್ದರೆ ಒಳ್ಳೆ ಲಕ್ಷಣ. ಮುಂದೆ ಜಿಪ್ ಇದ್ದರೆ 1920ರ ದಶಕದ ಮಾತೇ ಬೇಡ. ಸೂಟಿನ ಪ್ಯಾಂಟಿಗೆ ಜಿಪ್ ಬಂದಿದ್ದು 1930ರ ದಶಕದ ನಡುವಿನಲ್ಲಿ. ಆದರೆ ಹಳೇ ಕಾಜಾ ಬಿಚ್ಚಿ ಆಮೇಲೆ ಜಿಪ್ ಕೂರಿಸಿದ್ದೂ ಇರಬಹುದು, ಹೊಲಿಗೆ ಗುರುತು ನೋಡಿ. ಜಿಪ್ ಬದಲು ಗುಂಡಿ ಇದ್ದ ಮಾತ್ರಕ್ಕೆ ಹಳೇದು ಅನ್ನುವಂತೆಯೂ ಇಲ್ಲ. ಯುದ್ಧ ಮುಗಿದ ಮೇಲೂ ಗುಂಡಿಯ ಪ್ಯಾಂಟು ಹೊಲಿಯುತ್ತಿದ್ದರು.

ಕಟಿಂಗ್ ನೋಡುವುದು ಕೊನೆಗೆ. 1920ರ ಸುಮಾರಿನ ಕೋಟು ಮೈಗಂಟಿಕೊಂಡಿರುತ್ತದೆ, ಭುಜ ಕಿರಿದು, ಸೊಂಟದ ಗೆರೆ ಮೇಲೆ. 1925ರ ಹೊತ್ತಿಗೆ ಆಕ್ಸ್‌ಫರ್ಡ್ ಹುಡುಗರು ಬೂಟು ಮುಚ್ಚುವಷ್ಟು ಅಗಲದ ಪ್ಯಾಂಟು ತೊಟ್ಟರು. 1930ರ ದಶಕದ ಗುರುತು ಡ್ರೇಪ್ ಕಟ್. ಆಗಿನ ವೇಲ್ಸ್ ರಾಜಕುಮಾರನ (ಮುಂದೆ ಎಂಟನೇ ಎಡ್ವರ್ಡ್) ದರ್ಜಿ ಫ್ರೆಡರಿಕ್ ಶೋಲ್ಟೆ, ರಾಜನ ಕಾವಲಿನ ಗಾರ್ಡ್ಸ್ ಪಡೆಯ ಅಧಿಕಾರಿಗಳ ದೊಡ್ಡ ಕೋಟು ನೋಡಿ ಇದನ್ನು ರೂಢಿಸಿದ. ಎದೆಯಲ್ಲಿ, ತೋಳು ಸೇರುವ ಪಕ್ಕದಲ್ಲಿ, ಬಟ್ಟೆ ಮೇಲಿಂದ ಕೆಳಕ್ಕೆ ಮೆತ್ತಗೆ ಮಡಿಕೆ ಬೀಳುತ್ತದೆ. ಅದನ್ನು ಹೊಲಿಗೆ ತಪ್ಪು ಅಂದುಕೊಂಡು ಇಸ್ತ್ರಿ ಒತ್ತಲು ಹೋಗಬೇಡಿ!

ಕಟಿಂಗನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ಅರವತ್ತು ದಾಟಿದ ಗಿರಾಕಿ 1936ರಲ್ಲೂ 'ಹೋದ ಸಲದ ಹಾಗೇ ಇರಲಿ' ಅಂತ ಹೊಲಿಸಿರಬಹುದು, ಅಲ್ವಾ? ಲೇಬಲ್ಲಿಗೂ ಕಟಿಂಗಿಗೂ ಜಗಳ ಬಂದರೆ ನಾನು ಲೇಬಲ್ ಕಡೆ.