ಔಟರ್ ಹೆಬ್ರಿಡೀಸ್‌ಗೆ ಕಾರಿನಲ್ಲಿ: ಮೊದಲು ಫೆರಿ, ಆಮೇಲೆ ಉಳಿದದ್ದು

ಗ್ಲಾಸ್ಗೋದಲ್ಲಿರುವ ನಮ್ಮ ಕನ್ನಡದವರ ಮನೆಗಳಿಗೆ ಬೇಸಿಗೆ ಬಂತೆಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಎಡಿನ್‌ಬರೋ ಕೋಟೆ, ಲಾಕ್ ನೆಸ್ ಸರೋವರ, ಸ್ಕೈ ದ್ವೀಪ ಎಲ್ಲ ಮುಗಿದ ಮೇಲೆ ಇನ್ನೆಲ್ಲಿಗೆ ಕರಕೊಂಡು ಹೋಗೋಣ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಔಟರ್ ಹೆಬ್ರಿಡೀಸ್. ಸ್ಕಾಟ್ಲೆಂಡಿನ ಪಶ್ಚಿಮದ ಅಟ್ಲಾಂಟಿಕ್‌ನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಲಾಗಿ ನಿಂತ ದ್ವೀಪಗಳು. ನಾನು ಸಾಗರದ ಕಡೆಯವಳು. ಸೇತುವೆ ಆಗುವ ಮುಂಚೆ ಸಿಗಂದೂರಿಗೆ ಲಾಂಚಿನಲ್ಲಿ ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ ಶರಾವತಿ ಹಿನ್ನೀರು ದಾಟುತ್ತಿದ್ದುದನ್ನು ನೋಡಿದವರಿಗೆ ಇಲ್ಲಿಯ ಫೆರಿ ಅರ್ಥವಾಗುವುದು ಸುಲಭ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಲಾಂಚ್ ತಪ್ಪಿದರೆ ಮುಂದಿನದಕ್ಕೆ ಕಾಯಬಹುದಿತ್ತು. ಇಲ್ಲಿ ಕೆಲವು ಕಡೆ ಮುಂದಿನದು ನಾಳೆಗೇ.

ಹಾಗಾಗಿ ಪ್ಲಾನ್ ಮಾಡುವ ಕ್ರಮವೇ ಬೇರೆ. ಸಾಮಾನ್ಯವಾಗಿ ನಾವು ನೋಡುವ ಜಾಗಗಳ ಪಟ್ಟಿ ಮಾಡಿ, ರೂಮು ಬುಕ್ ಮಾಡಿ, ಕೊನೆಗೆ ದಾರಿ ಯೋಚಿಸುತ್ತೇವೆ. ಇಲ್ಲಿ ಮೊದಲು ಫೆರಿಯಲ್ಲಿ ಕಾರಿಗೆ ಜಾಗ ಹಿಡಿಯಬೇಕು, ಆಮೇಲೆ ರಾತ್ರಿ ತಂಗುವ ಮನೆ, ಆಮೇಲೆ ಬಾಡಿಗೆ ಕಾರು. ನೋಡುವ ಜಾಗಗಳ ಪಟ್ಟಿ ಕಡೆಯದು. ಈ ದ್ವೀಪಗಳ ಫೆರಿಗಳನ್ನೆಲ್ಲ ನಡೆಸುವುದು ಸರ್ಕಾರಿ ಒಡೆತನದ ಕ್ಯಾಲೆಡೋನಿಯನ್ ಮ್ಯಾಕ್‌ಬ್ರೇನ್. ಎಲ್ಲರೂ ಕ್ಯಾಲ್‌ಮ್ಯಾಕ್ ಎನ್ನುತ್ತಾರೆ. 2008ರಿಂದ ಇಲ್ಲಿಯ ಟಿಕೆಟ್ ದರವನ್ನು ಅಷ್ಟೇ ದೂರ ರಸ್ತೆಯಲ್ಲಿ ಹೋದರೆ ಆಗುವ ಖರ್ಚಿಗೆ ಹೊಂದಿಸಿ ಇಳಿಸಿದರು. ದ್ವೀಪದವರಿಗೆ ಅನುಕೂಲವಾಯಿತು, ಪ್ರವಾಸಿಗಳ ಕಾರುಗಳೂ ಹೆಚ್ಚಾದವು. ಜನ ಮಾತ್ರ ಹತ್ತುವುದಾದರೆ ಜಾಗ ಸಾಮಾನ್ಯವಾಗಿ ಸಿಗುತ್ತದೆ. ಜೂನ್, ಜುಲೈ, ಆಗಸ್ಟಿನಲ್ಲಿ ಕಾರಿಗೆ ಸಿಗುವುದು ಕಷ್ಟ. ಬೇಸಿಗೆ ವೇಳಾಪಟ್ಟಿಗೆ ಬುಕಿಂಗ್ ತೆರೆದ ವಾರವೇ ಕೂತು ಮಾಡಿ ಮುಗಿಸಿ.

ನಾನು ಹೇಳುವ ದಾರಿ ದಕ್ಷಿಣದಿಂದ ಉತ್ತರಕ್ಕೆ. ಗ್ಲಾಸ್ಗೋದಿಂದ ಓಬನ್ ಬಂದರು, ಅಲ್ಲಿಂದ ಫೆರಿಯಲ್ಲಿ ಬಾರಾ ದ್ವೀಪದ ಕ್ಯಾಸಲ್‌ಬೇ. ಬಾರಾದ ಇನ್ನೊಂದು ತುದಿಯ ಆರ್ಡ್‌ವೋರ್‌ನಿಂದ ಸಣ್ಣ ಫೆರಿಯಲ್ಲಿ ಎರಿಸ್ಕೇ. ಎರಿಸ್ಕೇಯಿಂದ ಸೌತ್ ಯುಯಿಸ್ಟ್, ಬೆನ್‌ಬೆಕುಲಾ, ನಾರ್ತ್ ಯುಯಿಸ್ಟ್, ಬರ್ನರೇ ತನಕ ಫೆರಿಯೇ ಬೇಡ. ಸಮುದ್ರದ ಮೇಲೆ ಕಲ್ಲು ತುಂಬಿ ಕಟ್ಟಿದ ಏರಿ ರಸ್ತೆಗಳಿವೆ. ಬರ್ನರೇಯಿಂದ ಮತ್ತೆ ಫೆರಿಯಲ್ಲಿ ಹ್ಯಾರಿಸ್‌ನ ಲೆವರ್‌ಬರ್ಗ್. ಹ್ಯಾರಿಸ್ ಮತ್ತು ಲೂಯಿಸ್ ಹೆಸರಿಗೆ ಎರಡಾದರೂ ನೆಲ ಒಂದೇ. ಲೂಯಿಸ್‌ನ ಸ್ಟೋರ್ನೊವೇ ಊರಿಂದ ದೊಡ್ಡ ಹಡಗಿನಲ್ಲಿ ಉಲ್ಲಾಪೂಲ್‌ಗೆ ಬಂದರೆ ಮತ್ತೆ ಮುಖ್ಯಭೂಮಿ.

ಉತ್ತರದಿಂದ ದಕ್ಷಿಣಕ್ಕೂ ಬರಬಹುದಲ್ಲ ಎನ್ನುವವರಿಗೆ ನನ್ನ ಬಳಿ ಎರಡು ಕಾರಣಗಳಿವೆ. ಓಬನ್–ಕ್ಯಾಸಲ್‌ಬೇ ಹಾದಿ ಐದು ಗಂಟೆಗೆ ಸ್ವಲ್ಪ ಕಡಿಮೆ. ಅರ್ಧಕ್ಕಿಂತ ಹೆಚ್ಚು ತೆರೆದ ಸಮುದ್ರ, ದಿನಕ್ಕೆ ಸಾಮಾನ್ಯವಾಗಿ ಒಂದೇ ಹಡಗು. ಗಾಳಿ ಎದ್ದು ರದ್ದಾಗುವುದಿದ್ದರೆ ಪ್ರವಾಸದ ಮೊದಲ ದಿನವೇ ಆಗಲಿ. ಓಬನ್‌ನಲ್ಲಿ ನಿಮಗೆ ಆಗ ದಾರಿಗಳಿವೆ: ಮಲ್ ದ್ವೀಪಕ್ಕೆ ಮುಕ್ಕಾಲು ಗಂಟೆಯ ಫೆರಿ ದಿನಕ್ಕೆ ಹಲವು ಬಾರಿ ಇದೆ. ಅದೇ ಹಡಗು ಪ್ರವಾಸದ ಕೊನೆಯ ದಿನ ರದ್ದಾಯಿತೆನ್ನಿ, ಬಾರಾದಲ್ಲಿ ಕೂತು ಊರಿನ ವಿಮಾನ ತಪ್ಪುವುದನ್ನು ಎಣಿಸಬೇಕಾಗುತ್ತದೆ. ಸ್ಟೋರ್ನೊವೇ–ಉಲ್ಲಾಪೂಲ್‌ಗೆ ದೊಡ್ಡ ಹಡಗಿದೆ, ಎರಡೂಮುಕ್ಕಾಲು ಗಂಟೆಯ ಪಯಣ, ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ.

ಎರಡನೆಯದು ಭಾನುವಾರ. ಲೂಯಿಸ್, ಹ್ಯಾರಿಸ್, ನಾರ್ತ್ ಯುಯಿಸ್ಟ್‌ಗಳಲ್ಲಿ ಪ್ರೊಟೆಸ್ಟೆಂಟ್ ಕ್ರೈಸ್ತರ ಪ್ರೆಸ್‌ಬಿಟೇರಿಯನ್ ಸಂಪ್ರದಾಯ ಗಟ್ಟಿ. ಭಾನುವಾರ ಎಂದರೆ ವಿಶ್ರಾಂತಿಯ ದಿನ. ಅಂಗಡಿ, ಹೋಟೆಲು, ಪೆಟ್ರೋಲ್ ಬಂಕ್ ಬಹುಪಾಲು ಮುಚ್ಚಿರುತ್ತವೆ. ಸ್ಟೋರ್ನೊವೇಯಿಂದ ಭಾನುವಾರ ಫೆರಿ ಹೊರಡಲು ಶುರುವಾದದ್ದೇ 2009ರಲ್ಲಿ, ಅದೂ ದೊಡ್ಡ ಚರ್ಚೆಯ ನಂತರ. ಬಾರಾ ಮತ್ತು ಸೌತ್ ಯುಯಿಸ್ಟ್ ಕ್ಯಾಥೊಲಿಕ್ ದ್ವೀಪಗಳು, ಅಲ್ಲಿ ಅಷ್ಟು ಬಿಗಿಯಿಲ್ಲ. ಆದ್ದರಿಂದ ಗುರುವಾರವೋ ಶುಕ್ರವಾರವೋ ಓಬನ್ ಬಿಟ್ಟರೆ ಭಾನುವಾರ ದಕ್ಷಿಣದ ದ್ವೀಪಗಳಲ್ಲಿ ಕಳೆಯುತ್ತದೆ, ಉತ್ತರ ಮುಟ್ಟುವಾಗ ವಾರದ ಮಧ್ಯ. ಹ್ಯಾರಿಸ್‌ನಲ್ಲಿ ಭಾನುವಾರ ಬಂದೇ ಬಂತೆಂದರೆ ಶನಿವಾರ ಸಂಜೆಯೇ ಟ್ಯಾಂಕ್ ತುಂಬಿಸಿ, ತರಕಾರಿ ಹಾಲು ತಂದಿಡಿ, ಬಟ್ಟೆ ಒಗೆದು ಹೊರಗೆ ಹಗ್ಗಕ್ಕೆ ಹಾಕಬೇಡಿ. ನೆರೆಯವರಿಗೆ ಅದು ನಿಜಕ್ಕೂ ನೋವಿನ ವಿಷಯ.

ರಾತ್ರಿಗಳನ್ನು ಹಂಚುವಾಗ ಬಾರಾಕ್ಕೆ ಎರಡು, ಯುಯಿಸ್ಟ್‌ಗಳಿಗೆ ಎರಡು, ಹ್ಯಾರಿಸ್‌ಗೆ ಎರಡು, ಲೂಯಿಸ್‌ಗೆ ಒಂದಾದರೂ ಇಡಿ. ಎರಿಸ್ಕೇಯಿಂದ ಬರ್ನರೇಗೆ ಎರಡು ಗಂಟೆಯೊಳಗಿನ ದಾರಿ. ನಕ್ಷೆ ನೋಡಿದರೆ ಬೆಳಗಿನ ಫೆರಿಯಲ್ಲಿ ಬಾರಾ ಬಿಟ್ಟು ಸಂಜೆಯ ಫೆರಿಯಲ್ಲಿ ಹ್ಯಾರಿಸ್ ಸೇರಬಹುದು ಅನ್ನಿಸುತ್ತದೆ. ದಯವಿಟ್ಟು ಒಂದೇ ದಿನ ಎರಡು ಫೆರಿ ಇಟ್ಟುಕೊಳ್ಳಬೇಡಿ. ಮೊದಲನೆಯದು ತಡವಾದರೆ ಎರಡನೆಯದೂ ಹೋಯಿತು, ಅದರ ಹಿಂದೆ ಆ ರಾತ್ರಿಯ ಮನೆಯೂ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ, ಯುಯಿಸ್ಟ್‌ಗಳನ್ನೇ ನೋಡದೆ ದಾಟಿಬಿಡುವುದು. ಪಶ್ಚಿಮ ದಡದುದ್ದಕ್ಕೂ ಮರಳಿನ ಮೇಲೆ ಬೆಳೆದ ಹುಲ್ಲುಗಾವಲು. ಜೂನ್–ಜುಲೈನಲ್ಲಿ ಅದರ ತುಂಬ ಹೂವು.

ಬರ್ನರೇ–ಲೆವರ್‌ಬರ್ಗ್ ಫೆರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಎದುರು ದಡ ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಒಂದು ಗಂಟೆ ಹಿಡಿಯುತ್ತದೆ. ನೀರಿನಡಿ ಬಂಡೆ, ಮರಳುದಿಬ್ಬ. ಹಡಗು ದಾರಿ ತೋರಿಸಲು ತೇಲಿಬಿಟ್ಟ ಕೆಂಪು ಹಸಿರು ಬೋಯಿಗಳ ನಡುವೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗುತ್ತ ಹೋಗುತ್ತದೆ. ಒಮ್ಮೊಮ್ಮೆ ಹೊರಟ ದಿಕ್ಕಿಗೇ ವಾಪಸು ಹೋಗುತ್ತಿದೆಯೇನೋ ಅನ್ನಿಸುವಷ್ಟು. ಹಾಗಾಗಿ ಇದು ಬೆಳಕಿದ್ದಾಗ ಮಾತ್ರ ಓಡುತ್ತದೆ, ಇಳಿತ ತೀರಾ ಹೆಚ್ಚಿರುವ ದಿನ ಸಮಯವೂ ಬದಲಾಗುತ್ತದೆ. ಹಿಂದಿನ ಸಂಜೆ ಕ್ಯಾಲ್‌ಮ್ಯಾಕ್‌ನ ಸೇವಾಸ್ಥಿತಿ ಪುಟ ನೋಡಿ, ಬೆಳಿಗ್ಗೆ ಎದ್ದು ಮತ್ತೊಮ್ಮೆ ನೋಡಿ. ಮೊಬೈಲಿಗೆ ಸಂದೇಶ ಬರುವಂತೆ ಮಾಡಿಟ್ಟರೆ ಇನ್ನೂ ಒಳ್ಳೆಯದು.

ಬಾಡಿಗೆ ಕಾರು ಗ್ಲಾಸ್ಗೋದಲ್ಲೇ ತೆಗೆದುಕೊಳ್ಳಿ. ಊರಿಂದ ಬಂದ ಅಣ್ಣನೋ ಭಾವನೋ ಓಡಿಸುವುದಾದರೆ, ಚಾಲ್ತಿಯಲ್ಲಿರುವ ಭಾರತದ ಲೈಸೆನ್ಸ್ ಇಲ್ಲಿ 12 ತಿಂಗಳವರೆಗೆ ನಡೆಯುತ್ತದೆ, ಬಲಗಡೆ ಸ್ಟಿಯರಿಂಗ್, ಎಡಗಡೆ ಓಟ. ಬಾಡಿಗೆ ಕಂಪನಿಯ ಷರತ್ತು ಬೇರೆಯಿರಬಹುದು, ಅದನ್ನು ಕೇಳಿಕೊಳ್ಳಿ. ಗೇರ್ ಕಾರು ಅಗ್ಗ, ಆಟೋಮ್ಯಾಟಿಕ್ ಬೇಕಿದ್ದರೆ ಬೇಗ ಹಿಡಿಯಬೇಕು. ಠೇವಣಿಗೆ ಓಡಿಸುವವರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಕೇಳುವವರೇ ಹೆಚ್ಚು. ಮುಖ್ಯವಾಗಿ ಕೌಂಟರಿನಲ್ಲಿ ಮೂರು ಮಾತು ಕೇಳಿ, ಉತ್ತರ ಇಮೇಲಿನಲ್ಲಿ ತರಿಸಿಕೊಳ್ಳಿ. ಕಾರನ್ನು ಫೆರಿ ಹತ್ತಿಸಬಹುದೇ? ದ್ವೀಪದಲ್ಲಿ ಕೆಟ್ಟರೆ ಬಂದು ನೋಡುವ ಹೊಣೆ ಯಾರದು? ಟೈರು ಮತ್ತು ಗಾಜು ವಿಮೆಯೊಳಗೆ ಬರುತ್ತವೆಯೇ? ಕೆಲವು ಕಂಪನಿಗಳು ಫೆರಿಗೆ ಒಪ್ಪುವುದೇ ಇಲ್ಲ. ಒಪ್ಪಿದರೂ ನೀರಿನ ಆಚೆ ವಿಮೆ ನಡೆಯದಿರಬಹುದು. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ನೋಡಿ. ಈಗಿನ ಕಾರುಗಳಲ್ಲಿ ಅದರ ಬದಲು ಗಾಳಿ ತುಂಬುವ ಪಂಪು, ಅಂಟಿನ ಬಾಟಲಿ ಮಾತ್ರ ಇಟ್ಟಿರುತ್ತಾರೆ. ಟೈರಿನ ಪಕ್ಕ ಹರಿದರೆ ಅದು ಯಾವ ಕೆಲಸಕ್ಕೂ ಬಾರದು.

ಹಡಗಿಗೆ ಹತ್ತಿಸುವ ರೀತಿ ಹೀಗೆ. ಟಿಕೆಟಿನಲ್ಲಿ ಬರೆದ ಚೆಕ್-ಇನ್ ಸಮಯ ಹಡಗು ಹೊರಡುವ ಸಮಯವಲ್ಲ, ಅದಕ್ಕಿಂತ ಮುಂಚಿನದು. ತಪ್ಪಿದರೆ ನಿಮ್ಮ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ. ಸಾಲು ನಂಬರ್ ಕೊಡುತ್ತಾರೆ, ಆ ಸಾಲಿನಲ್ಲಿ ನಿಲ್ಲಿಸಿ. ಸಿಬ್ಬಂದಿ ಕೈ ತೋರಿಸಿದಾಗ ನಿಧಾನ ಏರಿ, ಮುಂದಿನ ಗಾಡಿಗೆ ತಾಗುವ ಹಾಗೆ ಹತ್ತಿರ ನಿಲ್ಲಿಸಲು ಹೇಳುತ್ತಾರೆ, ಗಾಬರಿ ಬೇಡ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಡಿ. ಹಡಗು ಅಲುಗಾಡಿದರೆ ಕಾರಿನ ಅಲಾರಂ ಹೊಡೆದುಕೊಳ್ಳುತ್ತದೆ. ಅದನ್ನು ಆರಿಸುವುದು ಹೇಗೆಂದು ಕಾರು ತೆಗೆದುಕೊಳ್ಳುವಾಗಲೇ ಕೇಳಿಕೊಂಡಿರಿ. ದೊಡ್ಡ ಹಡಗಿನಲ್ಲಿ ಪಯಣದುದ್ದಕ್ಕೂ ಕಾರಿನ ಬಳಿ ಇರಲು ಬಿಡುವುದಿಲ್ಲ. ಸ್ವೆಟರ್, ಮಾತ್ರೆ, ನೀರು, ಬುತ್ತಿ ಎಲ್ಲ ಒಂದು ಚೀಲಕ್ಕೆ ಹಾಕಿ ಮೊದಲೇ ಕೈಗೆ ತೆಗೆದುಕೊಳ್ಳಿ. ನಮ್ಮಮ್ಮನಿಗೆ ಘಾಟಿ ಬಸ್ಸಿನಲ್ಲೇ ವಾಂತಿ. ಹೊರಡುವ ಮುಂಚೆ ಮಾತ್ರೆ ಕೊಟ್ಟು, ಹಡಗಿನ ನಟ್ಟನಡುವೆ ಕೂರಿಸಿ, ದಿಗಂತ ನೋಡುತ್ತಿರು ಅಂತ ಹೇಳಿದ್ದಕ್ಕೆ ಕ್ಯಾಸಲ್‌ಬೇ ತನಕ ಸುಖವಾಗಿ ಬಂದರು. ಸಮುದ್ರದ ನೀರಿನ ನಡುವಿನ ಕಿಸಿಮುಲ್ ಕೋಟೆಯನ್ನು ಅವರೇ ಮೊದಲು ಕಂಡು ನಮ್ಮನ್ನೆಲ್ಲ ಕಿಟಕಿಗೆ ಕರೆದರು.

ದ್ವೀಪದ ರಸ್ತೆ ಬಹುಕಡೆ ಒಂದೇ ಗಾಡಿ ಹೋಗುವಷ್ಟು ಅಗಲ. ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಎಂಬ ಅಗಲದ ಜಾಗ, ಪಕ್ಕದಲ್ಲಿ ಬಿಳಿ ಫಲಕ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಎಳೆದು ನಿಲ್ಲಿ. ಬಲಕ್ಕಿದ್ದರೆ ದಾಟಿ ಹೋಗಬೇಡಿ, ರಸ್ತೆಯಲ್ಲೇ ಅದರ ಎದುರು ನಿಲ್ಲಿ, ಬರುವವರು ಒಳಗೆ ಸುತ್ತಿ ಹೋಗುತ್ತಾರೆ. ಹಿಂದೆ ಯಾರಾದರೂ ಬಂದರೂ ದಾರಿ ಬಿಡಿ. ನಿಮಗೆ ಪ್ರವಾಸ, ಅವರಿಗೆ ಫೆರಿಯೋ ಡಾಕ್ಟರೋ ಇರುತ್ತಾರೆ. ಫೋಟೋ ತೆಗೆಯಲು, ಊಟ ಮಾಡಲು ಅಲ್ಲಿ ನಿಲ್ಲಿಸಲೇಬೇಡಿ. ದಾರಿ ಬಿಟ್ಟವರಿಗೆ ಕೈ ಎತ್ತುವುದು ಇಲ್ಲಿಯ ರೂಢಿ. ಕುರಿಗಳು ರಸ್ತೆ ಮೇಲೇ ಮಲಗಿರುತ್ತವೆ, ಏರಿ ರಸ್ತೆಗಳಲ್ಲಿ ನೀರುನಾಯಿ ದಾಟುವ ಎಚ್ಚರಿಕೆ ಫಲಕಗಳಿವೆ.

ಫೋನ್ ನೆಟ್‌ವರ್ಕ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ. ರಸ್ತೆ ಫಲಕಗಳಲ್ಲಿ ಇಲ್ಲಿಯ ಗೇಲಿಕ್ ಭಾಷೆಯ ಹೆಸರು ಮುಂದಿರುತ್ತದೆ, ಇಂಗ್ಲಿಷ್ ಹೆಸರು ಆಮೇಲೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಟಾರ್ಬರ್ಟ್ ಹೆಸರಿನ ಊರು ಹ್ಯಾರಿಸ್‌ನಲ್ಲೂ ಇದೆ, ಗ್ಲಾಸ್ಗೋ ಪಶ್ಚಿಮದ ಕಿಂಟೈರ್‌ನಲ್ಲೂ ಇದೆ. ಎರಡಕ್ಕೂ ಕ್ಯಾಲ್‌ಮ್ಯಾಕ್ ಫೆರಿಯಿದೆ. ಬುಕ್ ಮಾಡುವಾಗ ಎರಡು ಸಲ ಓದಿ.

ಊಟಕ್ಕೆ ನಮ್ಮಂಥ ಸಸ್ಯಾಹಾರಿಗಳು ಅಡುಗೆಮನೆ ಇರುವ ಮನೆಯನ್ನೇ ಹಿಡಿಯಬೇಕು. ಕ್ಯಾಸಲ್‌ಬೇಯಲ್ಲಿ, ಯುಯಿಸ್ಟ್‌ಗಳಲ್ಲಿ ಕೋ-ಆಪ್ ಅಂಗಡಿಗಳಿವೆ, ಸ್ಟೋರ್ನೊವೇಯಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳೇ ಇವೆ. ಅಕ್ಕಿ, ಬೇಳೆ, ಸಾರಿನ ಪುಡಿ, ಅವಲಕ್ಕಿ, ಸಣ್ಣ ಕುಕ್ಕರ್ ಗ್ಲಾಸ್ಗೋದಿಂದಲೇ ಒಯ್ಯಿರಿ.

ಇನ್ನು ನೋಡುವ ಜಾಗ. ಬಾರಾದಲ್ಲಿ ವಿಮಾನ ಸಮುದ್ರದಂಡೆಯ ಮರಳ ಮೇಲೇ ಇಳಿಯುತ್ತದೆ. ವೇಳಾಪಟ್ಟಿ ಉಬ್ಬರ ಇಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ಆರ್ಡ್‌ವೋರ್ ಫೆರಿಗೆ ಹೋಗುವ ದಿನವೇ ಇದನ್ನು ನೋಡಬಹುದು, ಎರಡೂ ಹತ್ತಿರ. ಹ್ಯಾರಿಸ್‌ನ ಲಸ್ಕೆಂಟೈರ್ ಕಡಲತೀರಕ್ಕೆ ಇಳಿತದ ಹೊತ್ತಿಗೆ ಹೋಗಿ. ನೀರು ಸರಿದ ಮೇಲೆ ಬಿಳಿ ಮರಳು ಎಷ್ಟೋ ದೂರ ತೆರೆದುಕೊಳ್ಳುತ್ತದೆ, ಅಲ್ಲಲ್ಲಿ ಉಳಿದ ನೀರು ಹಸಿರು, ಆಚೆಯದು ನೀಲಿ. ಅಪ್ಪ ಪಂಚೆ ಎತ್ತಿ ಕಟ್ಟಿ ಆ ತಣ್ಣೀರಿನಲ್ಲಿ ನಿಂತರು, ಕರೆದರೂ ಬರಲಿಲ್ಲ. ಲೂಯಿಸ್‌ನ ಕ್ಯಾಲನಿಶ್ ಕಲ್ಲುಗಳು ಸುಮಾರು 5,000 ವರ್ಷದ ಹಿಂದೆ ನಿಲ್ಲಿಸಿದವು. ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಊಟ ಮುಗಿಸಿ, ಪ್ರವಾಸಿ ಬಸ್ಸುಗಳು ಹೋದ ಮೇಲೆ ಹೋಗಿ.

ಕೊನೆಯ ಫೆರಿ ಮತ್ತು ಊರಿನ ವಿಮಾನದ ನಡುವೆ ಎರಡು ರಾತ್ರಿಯಾದರೂ ಇರಲಿ. ಉಲ್ಲಾಪೂಲ್‌ನಿಂದ ಗ್ಲಾಸ್ಗೋ ಸುಮಾರು ಐದು ಗಂಟೆಯ ದಾರಿ, ಮಧ್ಯೆ ಇನ್ವರ್ನೆಸ್‌ನಲ್ಲಿ ಒಂದು ರಾತ್ರಿ ತಂಗಿದರೆ ಹಿರಿಯರಿಗೆ ಆಯಾಸವಾಗದು. ಕಾರು ವಾಪಸು ಕೊಡುವ ಮುನ್ನ ಒಳಗಿನ ಮರಳನ್ನು ವ್ಯಾಕ್ಯೂಮ್ ಹಾಕಿ ತೆಗೆಸಿ, ಇಲ್ಲದಿದ್ದರೆ ಅದಕ್ಕೂ ದುಡ್ಡು ಹಿಡಿಯುತ್ತಾರೆ.